ಮುನ್ನೂರು ಮೀಟರ್ ದೂರದ ಒಪ್ಪಿಗೆ

ಕೊಡಗಿನ ಒಂದು ಬಂದೂಕು ಕ್ಲಬ್ಬಿಗೆ ಗುರಿಹಲಗೆಗೆ ಬಿದ್ದ ಗುಂಡಿನ ತೂತುಗಳನ್ನು ದೂರದಿಂದಲೇ ಎಣಿಸಲು ಸ್ಪಾಟಿಂಗ್ ಸ್ಕೋಪ್ ಎಂಬ ದುಬಾರಿ ದುರ್ಬೀನು ಬಂತು. ಅದನ್ನು ಅಲುಗದಂತೆ ನಿಲ್ಲಿಸುವ ಮೂರು ಕಾಲಿನ ಟ್ರೈಪಾಡ್ ಕೊಳ್ಳಲು ಮಾತ್ರ ಅಧ್ಯಕ್ಷ ಉತ್ತಯ್ಯ ಒಪ್ಪಲಿಲ್ಲ.

“ಕೈ ಗಟ್ಟಿ ಇದ್ದವರಿಗೆ ಅದ್ಯಾಕಮ್ಮ? ನಾಳೆ ಪಂದ್ಯದಲ್ಲಿ ಒಂದು ತೂತು ತಪ್ಪಾಗಿ ಎಣಿಸಿದರೂ ನಿನ್ನ ಕೆಲಸ ಹೋಯಿತು!” ಎಂದು ಅಂಕ ಬರೆಯುವ ದೇಚವ್ವನನ್ನು ಗದರಿದರು.

ದೇಚವ್ವ ಜಗ್ಗಲಿಲ್ಲ. ಮುನ್ನೂರು ಮೀಟರ್ ಆಚೆಯ ಗುರಿಹಲಗೆಯ ಮೇಲೆ ಏನೋ ಬರೆದು ಬಂದಳು. ಸದಸ್ಯರೆಲ್ಲ ಸೇರಿದಾಗ, “ನಿಮ್ಮದು ಗಟ್ಟಿ ಕೈ ಅಲ್ವಾ ಸರ್? ಅದನ್ನು ಓದಿ, ಸರಿಯಿದ್ದರೆ ಒಪ್ಪಿಗೆ ಕೊಡಿ,” ಎಂದಳು.

ಉತ್ತಯ್ಯ ದುರ್ಬೀನು ಎತ್ತಿದರು. ಅದರೊಳಗೆ ಹಲಗೆ ಗಾಳಿಗೆ ಸಿಕ್ಕ ಬಾಳೆಲೆಯ ಹಾಗೆ ಕುಣಿಯಿತು; ಒಂದಕ್ಷರವೂ ಓದಲಾಗಲಿಲ್ಲ. ಸೋಲೊಪ್ಪುವ ಆಸಾಮಿಯೇ ಅವರು?

“ಓದಿದೆ. ಅಕ್ಷರಕ್ಷರಕ್ಕೂ ನನ್ನ ಒಪ್ಪಿಗೆಯಿದೆ!”

ದೇಚವ್ವ ಹಲಗೆಯನ್ನೇ ಹೊತ್ತು ತಂದಳು. ಸದಸ್ಯರು ಗಟ್ಟಿಯಾಗಿ ಓದಿದರು: “ಇವತ್ತೇ ಮೈಸೂರಿಗೆ ಹೋಗಿ ಟ್ರೈಪಾಡ್ ತರುತ್ತೇನೆ. ಇಂತಿ, ಅಧ್ಯಕ್ಷ.”

ಉತ್ತಯ್ಯ ಮೀಸೆ ತಿರುವುವುದನ್ನು ಬಿಟ್ಟು ಜೀಪಿನ ಕೀಲಿ ಹುಡುಕತೊಡಗಿದರು.