ತಲೆ ತಗ್ಗಿಸಿದ ಕುದುರೆ

"ಗುರುಗಳೇ, ಮಾಡಿದ ತಪ್ಪಿಗೆ ಮನಸಾರೆ ಮರುಗಿದರೆ ಆ ತಪ್ಪು ಕಳೆಯುತ್ತದೆಯೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಕೋಟೆಯಲ್ಲಿ ಒಬ್ಬ ರಾವುತನಿದ್ದ. ಕುದುರೆ ಪಳಗಿಸುವುದು ಅವನ ಕಸುಬು. ಎಂಥ ಹಟಮಾರಿ ಕುದುರೆಯಾದರೂ ಅವನ ಕೈಗೆ ಬಂದರೆ ಮೂರು ತಿಂಗಳಲ್ಲಿ ದಾರಿಗೆ ಬರುತ್ತಿತ್ತು. ಹೇಗೆ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ. ಅವನ ಸ್ವಂತದ್ದೊಂದು ಹೆಣ್ಣು ಕುದುರೆಯಿತ್ತು. ಹೆಸರು ಕೇತಕಿ. ಕುದುರೆಗೆ ಕಲಿಸುವ ಐದು ಬಗೆಯ ನಡಿಗೆಯನ್ನೂ ಅದು ಒಂದು ಹೆಜ್ಜೆ ತಪ್ಪದೆ ನಡೆಯುತ್ತಿತ್ತು. ಅದರ ಇನ್ನೊಂದು ಗುಣವನ್ನು ರಾವುತ ಬಂದವರಿಗೆಲ್ಲ ತೋರಿಸುತ್ತಿದ್ದ. ಅವನು ಬಲಗೈ ಎತ್ತಿದರೆ ಸಾಕು, ಕೇತಕಿ ತಲೆ ತಗ್ಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿತ್ತು. ನನ್ನ ಕುದುರೆ ನನಗೆ ನಮಸ್ಕಾರ ಮಾಡುತ್ತದೆ ಎಂದು ಅವನು ಹೇಳುತ್ತಿದ್ದ. ನೋಡಿದವರು ಮೆಚ್ಚಿ ತಲೆದೂಗುತ್ತಿದ್ದರು. ಹೀಗೆ ಹದಿನಾಲ್ಕು ವರ್ಷ ನಡೆಯಿತು.

ಒಮ್ಮೆ ಕೋಟೆಗೆ ಬಂದ ವರ್ತಕನೊಬ್ಬ ಒಂದು ಸುದ್ದಿ ಹೇಳಿದ. ಮೂರು ದಿನದ ದಾರಿಯಾಚೆ ಕುದುರೆಗೂ ಸವಾರನಿಗೂ ಒಟ್ಟಿಗೆ ಪಾಠ ಹೇಳುವ ಶಾಲೆಯೊಂದಿದೆಯಂತೆ. ಅಲ್ಲಿ ಲಗಾಮು ಸಡಿಲ ಬಿಟ್ಟರೂ ಕುದುರೆಗಳು ಐದೂ ನಡಿಗೆ ನಡೆಯುತ್ತವಂತೆ. ರಾವುತನಿಗೆ ನಂಬಿಕೆಯಾಗಲಿಲ್ಲ. ಹೋಗಿ ಅದರ ಹುಳುಕು ತೋರಿಸಿ ಬರುತ್ತೇನೆ ಎಂದು ಕೇತಕಿಯನ್ನೇರಿ ಹೊರಟ.

ಆ ಶಾಲೆಯನ್ನು ಕಟ್ಟಿಸಿದವಳು ನಡುವಯಸ್ಸಿನ ಒಬ್ಬ ಹೆಂಗಸು. ಅವಳು ರಾವುತನನ್ನು ಆದರದಿಂದ ಬರಮಾಡಿಕೊಂಡು ತಾನೇ ಎಲ್ಲವನ್ನೂ ತೋರಿಸಿದಳು. ಲಾಯದ ಎರಡು ಸಾಲುಗಳು ಎದುರುಬದುರಾಗಿದ್ದವು. ಒಂದು ಕುದುರೆಗೆ ಇನ್ನೊಂದರ ಮುಖ ಕಾಣುತ್ತಿತ್ತು. ಪಕ್ಕೆ ಉಜ್ಜದಷ್ಟು ಬಾಗಿಲುಗಳು ಅಗಲವಾಗಿದ್ದವು. ಕುದುರೆ ಬಯಲಿನಲ್ಲಿ ಮೇಯುವಂತೆಯೇ ಕತ್ತು ಬಗ್ಗಿಸಿ ತಿನ್ನಲೆಂದು ಮೇವಿನ ತೊಟ್ಟಿಗಳನ್ನು ತಗ್ಗಿನಲ್ಲಿ ಕಟ್ಟಿಸಿದ್ದಳು. ಕುದುರೆಗಳನ್ನು ನಡೆಸುವ ಕಣದಲ್ಲಿ ಜರಡಿ ಹಿಡಿದ ಹೊಳೆಮರಳು ಹಾಸಿತ್ತು. ಹತ್ತುವಾಗ ಸವಾರನ ಭಾರ ಬೆನ್ನನ್ನು ಒಂದು ಕಡೆಗೆ ಎಳೆಯಬಾರದೆಂದು ಕಣದ ಬಳಿ ಕಲ್ಲಿನ ಮೆಟ್ಟಿಲಿತ್ತು. ಒಂದು ಚಪ್ಪರದ ಕೆಳಗೆ ಮರದ ಕುದುರೆ ನಿಂತಿತ್ತು. ಹೊಸ ಸವಾರ ಮೊದಲ ತಿಂಗಳು ಅದರ ಮೇಲೆಯೇ ಕೂರಬೇಕು, ಅವನ ತಪ್ಪುಗಳನ್ನು ಮರ ತಡೆದುಕೊಳ್ಳುತ್ತದೆ ಎಂದು ಅವಳು ಹೇಳಿದಳು.

ರಾವುತ ಎಷ್ಟು ಹುಡುಕಿದರೂ ಹುಳುಕು ಸಿಗಲಿಲ್ಲ. ಕೊನೆಗೊಂದು ಸಿಕ್ಕಿತು.

"ಎಲ್ಲ ಸರಿಯಾಗಿದೆ, ತಾಯಿ. ಹಟ ಮಾಡಿದ ಕುದುರೆಯನ್ನು ಕಟ್ಟಿ ಬಡಿಯುವುದಕ್ಕೆ ಮಾತ್ರ ಎಲ್ಲೂ ಜಾಗ ಕಾಣಲಿಲ್ಲ."

"ಜಾಗ ಮಾಡಿದ್ದರೆ ಅದಕ್ಕೆ ಕೆಲಸವೂ ಸಿಗುತ್ತಿತ್ತು, ರಾವುತರೇ" ಎಂದಳು ಒಡತಿ.

ಅವನು ನಕ್ಕು ಕಣದ ಕಡೆ ತಿರುಗಿದ. ಅಲ್ಲಿ ಪಾಠ ಮುಗಿಸಿದ ಸವಾರನೊಬ್ಬ ಕೆಳಗಿಳಿದು, ಕುದುರೆಯ ಹಣೆಯ ಕೂದಲು ಸರಿಸಲು ಕೈ ಎತ್ತಿದ. ಕುದುರೆ ಕತ್ತು ಚಾಚಿ ಆ ಕೈಗೆ ಹಣೆ ಒತ್ತಿತು. ಪಕ್ಕದ ಕುದುರೆಯೂ ಹಾಗೆಯೇ ಮಾಡಿತು. ರಾವುತ ತಾನೂ ಹತ್ತಿರ ಹೋಗಿ, ಪರಿಚಯವಿಲ್ಲದ ಒಂದು ಕುದುರೆಯ ಮುಂದೆ ಕೈ ಎತ್ತಿದ. ಅದು ಅವನ ಅಂಗೈಯಲ್ಲಿ ಮೂತಿ ಇಟ್ಟಿತು.

ಅವನು ಕೇತಕಿಯ ಬಳಿ ಬಂದು ಅದೇ ಕೈ ಎತ್ತಿದ. ಕೇತಕಿ ತಲೆ ತಗ್ಗಿಸಿ ಕಣ್ಣು ಮುಚ್ಚಿತು. ಅದರ ಹೆಗಲಿನ ಚರ್ಮ ನಡುಗುತ್ತಿತ್ತು. ಹದಿನಾಲ್ಕು ವರ್ಷವೂ ಅದು ಹೀಗೆ ನಡುಗಿರಬೇಕು. ಅವನು ನೋಡಿದ್ದು ಆ ದಿನವೇ. ಎತ್ತಿದ ಕೈಯನ್ನು ಹೇಗೆ ಇಳಿಸಬೇಕೆಂದು ಅವನಿಗೆ ತಿಳಿಯಲಿಲ್ಲ.

ಇದರ ಭಯ ಬಿಡಿಸಿಕೊಡಿ ಎಂದು ಅವನು ಒಡತಿಯನ್ನು ಬೇಡಿಕೊಂಡ. ಬಿಡಿಸುವುದಾದರೆ ಅದು ನಿಮ್ಮ ಕೈಯಿಂದಲೇ ಆಗಬೇಕು, ನನ್ನಿಂದಲ್ಲ, ಎಷ್ಟು ದಿನವೆಂದು ಹೇಳಲಾರೆ ಎಂದಳು ಅವಳು. ರಾವುತ ಕೋಟೆಗೆ ಹಿಂತಿರುಗಲಿಲ್ಲ. ಅಲ್ಲಿಯೇ ಲದ್ದಿ ಬಾಚುತ್ತ, ಹುಲ್ಲು ಹೊರುತ್ತ ಉಳಿದ. ಹೊಸ ಬಗೆಯ ಪಾಠವನ್ನು ಮೊದಲಿನಿಂದ ಕಲಿತ. ಅವನು ಕಲಿಸಿದ ಮರಿಗಳು ಅವನ ದನಿ ಕೇಳಿದರೆ ಓಡಿ ಬರುತ್ತಿದ್ದವು. ಕೇತಕಿಯೆದುರು ಮಾತ್ರ ಅವನು ಬಲಗೈಯನ್ನು ಸೊಂಟದಿಂದ ಮೇಲೆತ್ತುತ್ತಿರಲಿಲ್ಲ. ಬೆವರು ಒರೆಸಿಕೊಳ್ಳಬೇಕಾದರೂ ಆಚೆ ಹೋಗಿ ಬರುತ್ತಿದ್ದ. ಕೇತಕಿ ಅವನ ಕೈಯಿಂದ ಹುಲ್ಲು ತಿನ್ನುತ್ತಿತ್ತು. ಆದರೆ ಪ್ರತಿ ತುತ್ತಿಗೂ ಮೊದಲು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಎರಡು ವರ್ಷ ಕಳೆದ ಮೇಲೆ, ಒಮ್ಮೊಮ್ಮೆ, ಮುಚ್ಚುವುದನ್ನು ಮರೆಯುತ್ತಿತ್ತು. ಅಂಥ ದಿನ ಅವನು ಆ ಸಂತಸವನ್ನು ಯಾರಿಗೂ ಹೇಳದೆ ಕೆಲಸ ಮಾಡುತ್ತಿದ್ದ.

ಮೂರನೆಯ ಬೇಸಗೆಯಲ್ಲಿ ಕೇತಕಿ ಮುಪ್ಪಿನಿಂದ ನೆಲ ಹಿಡಿಯಿತು. ಹುಲ್ಲಿನ ಮೇಲೆ ತಲೆಯಿಟ್ಟು ಮಲಗಿದ ಅದು ಏಳಲಾರದೆಂದು ಎಲ್ಲರಿಗೂ ತಿಳಿಯಿತು. ರಾವುತ ಪಕ್ಕದಲ್ಲಿ ಕುಳಿತಿದ್ದ. ಅದರ ಹಣೆ ಸವರಬೇಕೆನಿಸಿ ಕೈ ಮುಂದೆ ಮಾಡಿದವನು ಅರ್ಧದಲ್ಲೇ ತಡೆದುಕೊಂಡ. ಕೊನೆಯ ಗಳಿಗೆಯಲ್ಲಿ ಅದು ಬೆದರಿಬಿಟ್ಟರೆ ಎಂದು ಅವನಿಗೆ ಅಳುಕಾಯಿತು. ಎದ್ದು ಹೋಗಿ ಒಡತಿಯನ್ನು ಕರೆತಂದ.

"ನೀವು ಸವರಿ" ಎಂದ.

ಅವಳು ಸವರುತ್ತಿದ್ದಳು. ಅವನು ಬಾಗಿಲ ಹೊರಗೆ ನಿಂತು ಕೇತಕಿಯ ಉಸಿರನ್ನು ಅದು ನಿಲ್ಲುವವರೆಗೂ ಕೇಳಿಸಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಹೇಳಿದ:

"ಅವನಿಗೆ ಎರಡು ವರ್ಷವಾದರೂ ಸಿಕ್ಕಿತು, ಗುರುಗಳೇ. ನನ್ನ ಕೈಯಲ್ಲಿ ಏಟು ತಿಂದು ಮನೆ ಬಿಟ್ಟ ತಮ್ಮ ಬೇರೆ ಊರಿನಲ್ಲಿದ್ದಾನೆ. ನಾನು ದಿನವೂ ಇಲ್ಲಿ ಕುಳಿತು ಅವನಿಗಾಗಿ ಅಳುತ್ತೇನೆ."

"ಆ ಊರು ಇಲ್ಲಿಂದ ಎಷ್ಟು ದೂರ?" ಎಂದರು ಗುರುಗಳು.