ಶಾರ್ಕ್ ಹಿಡಿಯಲು ಹೋದ ಹುಂಜ

ಕೋಳಿ ಅಂಕದಲ್ಲಿ, ಅಂದರೆ ಹುಂಜಗಳ ಕಾಳಗದಲ್ಲಿ, ಸೋಲನ್ನೇ ಕಾಣದ ಹುಂಜವೊಂದು ಶಾರ್ಕ್ ಹಿಡಿಯಲು ಹೊರಟಿತು. ಅದಕ್ಕೆ ಕಡಲು ಹೊಸದು. ಆದ್ದರಿಂದ ದಾರಿ ತೋರಿಸಲು ನೀರುನಾಯಿ ದೋಣಿ ತಂದಿತ್ತು.

ಗಾಳಕ್ಕೆ ಬಂಗುಡೆ ಮೀನು ಸಿಕ್ಕಿಸಿ ನೀರಿಗೆ ಬಿಟ್ಟ ನೀರುನಾಯಿ, "ಹಗ್ಗದ ತುದಿಯನ್ನು ದೋಣಿಯ ಗೂಟಕ್ಕೆ ಕಟ್ಟು ಮಾರಾಯ," ಎಂದಿತು.

"ಬೇಡಣ್ಣ, ನನ್ನ ಕಾಲಿಗೇ ಇರಲಿ. ಗೂಟಕ್ಕೆ ಕಟ್ಟಿದರೆ ದೋಣಿಯೇ ಹಿಡಿಯಿತು ಅಂತಾರೆ. ಅಂಕದಲ್ಲಿ ಗೆದ್ದವನು ಸೋತವನನ್ನು ಮನೆಗೆ ಒಯ್ಯುವುದು ನಮ್ಮ ರೂಢಿ," ಎಂದು ಹುಂಜ ಹಗ್ಗವನ್ನು ತನ್ನ ಕಾಲಿಗೆ ಕಟ್ಟಿಕೊಂಡಿತು. ಹೆಸರು ತನಗೆ ಮಾತ್ರ ಬರಬೇಕು, ಬೇರೆ ಯಾರಿಗೂ ಪಾಲು ಹೋಗಬಾರದು ಎಂಬುದು ಅದರ ಆಸೆ.

ಅಷ್ಟರಲ್ಲಿ ಶಾರ್ಕ್ ಬಂಗುಡೆಯನ್ನು ಕಚ್ಚಿ ಎಳೆಯಿತು. ಶಾರ್ಕಿನ ಬಲ ಹೆಚ್ಚು, ಹುಂಜದ ತೂಕ ಕಡಿಮೆ. ಹಾಗಾಗಿ ಹುಂಜ ನೀರಿಗೆ ಬಿತ್ತು.

"ನಿಮ್ಮ ರೂಢಿ ಕೇಳಿಸಿತು. ಬಾ, ಮನೆಗೆ ಹೋಗೋಣ," ಎಂದಿತು ಶಾರ್ಕ್.

ನೀರುನಾಯಿ ಧುಮುಕಿ, ಹಗ್ಗವನ್ನು ಹಲ್ಲಿನಿಂದ ಕಡಿದು, ಹುಂಜವನ್ನು ದೋಣಿಗೆ ಎತ್ತಿ ಹಾಕಿತು.

ಒದ್ದೆ ರೆಕ್ಕೆ ಕೊಡವಿಕೊಂಡು ಹುಂಜ ಮೆಲ್ಲಗೆ ಕೇಳಿತು: "ಅಣ್ಣ, ಹಗ್ಗ ತುಂಡಾದರೆ ಅಂಕ ಸಮ ಅಲ್ಲವಾ?"

"ಸಮವೇ ಮಾರಾಯ. ಶಾರ್ಕನ್ನೂ ಒಂದು ಮಾತು ಕೇಳಿ ಬರುತ್ತೀಯಾ?"

ಹುಂಜ ತಾನೇ ಹುಟ್ಟು ಹಿಡಿದು ದೋಣಿಯನ್ನು ದಡದ ಕಡೆಗೆ ನಡೆಸತೊಡಗಿತು.