ಎಲ್ಲರಿಗೂ ಹತ್ತು ಟೆರಾಬೈಟ್

ರೇಷ್ಮೆ ಸಂಶೋಧನಾ ಕೇಂದ್ರದ ಸ್ವಂತ ಕ್ಲೌಡಿಗೆ ಆಪರೇಟರ್ ನೀಲಗಂಗಾ ಸ್ಟೋರೇಜ್ ಸರ್ವರ್ ಕೂರಿಸಿದಳು. ಇದ್ದದ್ದು ಹತ್ತು ಟೆರಾಬೈಟ್ ಜಾಗ, ಹಂಚಿಕೊಳ್ಳಬೇಕಾದವು ಎಂಟು ವಿಭಾಗ.

ಒಂದು ವಿಭಾಗದ ಮುಖ್ಯಸ್ಥ ಹಾಲಸ್ವಾಮಿ ಬಂದರು. "ಹತ್ತೂ ನನಗೇ ಬೇಕು. ಇಲ್ಲದಿದ್ದರೆ ನಿನ್ನನ್ನ ರೇಷ್ಮೆಹುಳದ ಮೊಟ್ಟೆ ಎಣಿಸೋ ಘಟಕಕ್ಕೆ ಹಾಕಿಸ್ತೀನಿ."

"ಆಗಲಿ ಸರ್" ಎಂದಳು. ಅವರ ಹೆಸರಿಗೆ ಹತ್ತು ಟೆರಾಬೈಟಿನ ಡಿಸ್ಕ್ ಮಾಡಿಕೊಟ್ಟಳು. ಉಳಿದ ಏಳು ವಿಭಾಗಕ್ಕೂ ತಲಾ ಹತ್ತೇ ಕೊಟ್ಟಳು. ಪರದೆಯ ಮೇಲೆ ಎಲ್ಲರಿಗೂ ಹತ್ತು ಎಂದು ಕಂಡರೂ, ಯಾರು ಎಷ್ಟು ತುಂಬುತ್ತಾರೋ ಸರ್ವರಿನಲ್ಲಿ ಅಷ್ಟೇ ಜಾಗ ಖರ್ಚಾಗುವಂತೆ ಸೆಟ್ ಮಾಡಿದ್ದಳು.

ವಾರದಲ್ಲಿ ಸುದ್ದಿ ತಿಳಿದು ಹಾಲಸ್ವಾಮಿ ಕೆಂಡವಾಗಿ ಬಂದರು. "ಇರೋ ಹತ್ತನ್ನ ಎಂಟು ಜನಕ್ಕೂ ಕೊಟ್ಟಿದ್ದೀಯಾ?"

"ತುಂಬುತ್ತಾ ಬಂದರೆ ಸರ್ವರಿಗೆ ಹೊಸ ಡಿಸ್ಕ್ ಹಾಕ್ತೀನಿ ಸರ್. ನಿಮ್ಮದರಲ್ಲಿ ಈಗ ಏನಿದೆ, ತೆಗೆದು ತೋರಿಸಲಾ?"

ಅದರಲ್ಲಿದ್ದದ್ದು ಮಗಳ ಮದುವೆಯ ಫೋಟೋಗಳು ಮಾತ್ರ. ಹಾಲಸ್ವಾಮಿ ದನಿ ತಗ್ಗಿಸಿದರು.

"ಬೇಡ ಬಿಡು. ಹೊರಗೆ ಹತ್ತು ಅಂತಲೇ ಕಾಣಲಿ."

ಮೊಟ್ಟೆ ಎಣಿಸುವುದು ತಪ್ಪಿತೆಂದು ನೀಲಗಂಗಾ ನಿರಾಳವಾಗಿ ಚಹಾಕ್ಕೆ ಹೊರಟಳು.